ಸುಮ್ಮನಿರೆಂದರೂ ಕೂಗಿದವನು

(ಧ್ಯಾನಕ್ಕೆ ಆಧಾರ: ಮಾರ್ಕ 10ನೆಯ ಅಧ್ಯಾಯ, 46ರಿಂದ 52ನೆಯ ವಚನಗಳು)



ಯೆರಿಕೋ ಪಟ್ಟಣದ ದಾರಿಯ ಮಗ್ಗುಲಲ್ಲಿ ಕೂತು ಭಿಕ್ಷೆ ಬೇಡುತ್ತಿದ್ದ ಕುರುಡನಾದ ಬಾರ್ತಿಮಾಯನ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಯೇಸು ಆ ಮಾರ್ಗವಾಗಿ ಹೋಗುತ್ತಾನೆಂದು ಕೇಳಿ ಅವನು ಕರುಣೆಗಾಗಿ ಕೂಗಿಕೊಂಡನು. ಗುಂಪಿನವರು ಸುಮ್ಮನಿರೆಂದು ಗದರಿಸಿದರು. ಅವನಾದರೋ ಇನ್ನೂ ಹೆಚ್ಚಾಗಿ ಕೂಗಿದನು. ಆಗ ಕರ್ತನು ನಿಂತು, ಅವನನ್ನು ಕರೆಯಿಸಿ, ತನ್ನಿಂದ ಅವನಿಗೆ ಏನಾಗಬೇಕೆಂದು ವಿಚಾರಿಸಿದನು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸೋಣ. ಕುರುಡನಿಗೆ ಏನು ಬೇಕೆಂಬದು ದಾರಿಯಲ್ಲಿದ್ದ ಚಿಕ್ಕ ಮಗುವಿಗೂ ತಿಳಿದಿತ್ತು. ಹೃದಯಗಳನ್ನು ಬಲ್ಲ ಕರ್ತನಿಗೆ ತಿಳಿಯದಿತ್ತೋ? ತಿಳಿದಿತ್ತು. ಆದರೂ ಕೇಳಿದನು. ಶಿಷ್ಯರನ್ನು ಕೇಳಲಿಲ್ಲ, ಗದರಿಸಿದವರನ್ನು ಕೇಳಲಿಲ್ಲ. ಕಷ್ಟಪಡುವವನನ್ನೇ ಕೇಳಿ, ಉತ್ತರವು ಅವನ ಬಾಯಿಂದಲೇ ಬರುವ ವರೆಗೂ ಕಾದನು. ಪರಮ ವೈದ್ಯನೇ ಹೀಗೆ ಕೇಳಿದ ಮೇಲೆ, ಮನುಷ್ಯರಾದ ವೈದ್ಯರ ಮುಂದೆ ನಾವು ಬಾಯಿ ಮುಚ್ಚಿಕೊಂಡಿರುವದು ಭಕ್ತಿಯಾದೀತೇ?

ಈ ಪಾಠವನ್ನು ನಾವು ಸಭೆಯ ಮುಂದೆ ನಿಂತು ಅನೇಕ ಸಾರಿ ಬೋಧಿಸಿದ್ದೆವು. ಆದರೆ ಕಲಿತದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಅದನ್ನು ನಾಚಿಕೆಯಿಂದಲೇ ಹೇಳುತ್ತೇವೆ.

ಹೆಮ್ಮರಗಾಲದ ಕಡೆಯ ಒಬ್ಬ ಸಹೋದರನು ಕಬ್ಬಿನ ಗದ್ದೆಯಲ್ಲಿಯೂ ಭತ್ತದ ಗದ್ದೆಯಲ್ಲಿಯೂ ಕೂಲಿಮಾಡಿ ಸಂಸಾರವನ್ನು ಸಾಕುತ್ತಿದ್ದನು. ಅವನಿಗೆ ಸಕ್ಕರೆ ಕಾಯಿಲೆ. ಅಂಗಾಲಿಗೆ ಚುಚ್ಚಿದ ಮುಳ್ಳು ಅವನಿಗೆ ತಿಳಿಯಲೇ ಇಲ್ಲ. ಗಾಯವು ಕೊಳೆತು, ಕಡೆಗೆ ಮೊಣಕಾಲಿನ ಕೆಳಗೆ ಕಾಲನ್ನು ತೆಗೆಯಬೇಕಾಯಿತು. ಕೆಲವು ತಿಂಗಳಾದ ಮೇಲೆ ಕೃತಕ ಕಾಲನ್ನು ಕೊಟ್ಟರು. ಅದನ್ನು ತೋರಿಸಿಕೊಂಡು ಬರುವದಕ್ಕೆ ಪಟ್ಟಣದ ಆಸ್ಪತ್ರೆಗೆ ಅವನ ಜೊತೆಯಲ್ಲಿ ನಾವು ಹೋದೆವು. ಡಾಕ್ಟರು, ‘ಹೇಗಿದೆಯಪ್ಪಾ, ಕಾಲು ಒಗ್ಗಿತೋ?’ ಎಂದು ಅವನನ್ನು ಕೇಳಿದರು. ಅವನು ಬಾಯಿ ತೆರೆಯುವದಕ್ಕೆ ಮುಂಚೆಯೇ ನಾವು ಕೈಜೋಡಿಸಿ, ‘ತಮ್ಮ ದಯದಿಂದ ಚೆನ್ನಾಗಿದೆ, ಡಾಕ್ಟರೇ’ ಅಂದೆವು. ಅವನು ನಮ್ಮ ಮುಖವನ್ನು ನೋಡಿ ಸುಮ್ಮನಾದನು. ಡಾಕ್ಟರು ಚೀಟಿಯಲ್ಲಿ ಏನೋ ಬರೆದು ಮುಂದಿನವರನ್ನು ಕರೆದರು.

ತಿರುಗಿ ಬರುವಾಗ, ಬಸ್ಸು ನಂಜನಗೂಡಿನಲ್ಲಿ ಕಪಿಲಾ ನದಿಯ ಸೇತುವೆಯನ್ನು ದಾಟುತ್ತಿರಲು, ಅವನು ಪಂಚೆಯನ್ನು ಸರಿಸಿ ಕಟ್ಟನ್ನು ಸಡಿಲಿಸಿದನು. ಮೊಂಡಿನ ಚರ್ಮವು ಕಿತ್ತು ರಕ್ತ ಒಸರುತ್ತಿತ್ತು. ‘ಅಲ್ಲಿ ಯಾಕೆ ಹೇಳಲಿಲ್ಲ?’ ಎಂದು ಕೇಳಿದೆವು. ‘ನೀವು ಚೆನ್ನಾಗದೆ ಅಂದ್ಮೇಲೆ ನಾನು ಹೆಂಗೆ ಇಲ್ಲ ಅನ್ನಲಿ, ಉಪದೇಶಿಗಳೇ?’ ಅಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಹುಣ್ಣು ಮಾಯುವ ವರೆಗೂ ಕೃತಕ ಕಾಲು ಗೋಡೆಯ ಗೂಟಕ್ಕೆ ತೂಗಿತು; ನಾಟಿಯ ಕಾಲವು ಕಳೆದುಹೋಯಿತು; ಮನೆಯಲ್ಲಿ ಸಾಲ ಬೆಳೆಯಿತು. ಪ್ರಿಯರೇ, ಬಾರ್ತಿಮಾಯನನ್ನು ಗದರಿಸಿದ ಗುಂಪಿನಲ್ಲಿ ಆ ದಿನ ನಾವೂ ಇದ್ದೆವು. ಅವರು ಗದರಿಸಿ ಬಾಯಿ ಮುಚ್ಚಿಸಲು ನೋಡಿದರು. ನಾವು ವಿನಯದಿಂದ ಮುಚ್ಚಿಸಿದೆವು.

ಈ ಸಂಗತಿಯಿಂದ ಮೂರು ಮಾತುಗಳನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲನೆಯದು, ನೋವು ದೇವರು ಇಟ್ಟ ಕಾವಲುಗಾರನು. ವೇಲೂರಿನ ಮಿಷನ್ ಆಸ್ಪತ್ರೆಯಲ್ಲಿ 1946ರಿಂದ ಸೇವೆಮಾಡಿದ ಡಾಕ್ಟರ್ ಪೌಲ್ ಬ್ರಾಂಡ್ ಎಂಬವರು ಕುಷ್ಠರೋಗಿಗಳ ಕೈಕಾಲುಗಳನ್ನು ವರುಷಗಟ್ಟಲೆ ಪರೀಕ್ಷಿಸಿದರು. ರೋಗವೇ ಬೆರಳುಗಳನ್ನು ತಿಂದುಬಿಡುತ್ತದೆಂದು ಜನರು ತಿಳಿದಿದ್ದರು. ಹಾಗಲ್ಲ, ನೋವಿನ ಅರಿವು ಹೋದದ್ದರಿಂದ ಸುಟ್ಟರೂ ಚುಚ್ಚಿದರೂ ತಿಳಿಯದೆ ಅಂಗಗಳು ಹಾಳಾಗುತ್ತವೆಂದು ಅವರು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯವರ ಪಾದಗಳಿಗೂ ಇದೇ ಅಪಾಯ. ಆದದರಿಂದ ಒಂದು ಕಾಲು ಹೋದವನು ಉಳಿದ ಪಾದವನ್ನು ದಿನಾಲು ಸಾಯಂಕಾಲ ಅಂಗಾಲಿನ ವರೆಗೂ ನೋಡಿಕೊಳ್ಳಲಿ. ಕಣ್ಣು ಮಂಜಾಗಿದ್ದರೆ ಮಕ್ಕಳಿಂದ ನೋಡಿಸಲಿ. ನೋವು ಉಳಿದಿರುವ ಕಡೆಯಲ್ಲಿಯಾದರೋ ಅದನ್ನು ಮರೆಮಾಡುವವನು ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದವನ ಹಾಗಿದ್ದಾನೆ.

ಇನ್ನೊಂದು ನೋವುಂಟು, ಅದನ್ನು ಹೇಳುವದಕ್ಕೆ ನಮ್ಮವರು ಬಹಳ ಅಂಜುತ್ತಾರೆ. ತೆಗೆದುಹಾಕಿದ ಕಾಲಿನ ಬೆರಳು ಉರಿಯುತ್ತದೆ, ಇಲ್ಲದ ಹಿಮ್ಮಡಿ ಸೆಳೆಯುತ್ತದೆ. ಹೇಳಿದರೆ ಹುಚ್ಚನೆಂದಾರು, ಗಾಳಿ ಸೋಕಿದೆ ಎಂದಾರು ಎಂದು ರಾತ್ರಿಯೆಲ್ಲಾ ಹಲ್ಲು ಕಚ್ಚಿಕೊಂಡಿರುತ್ತಾರೆ. ಇದು ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ಅಂಗವನ್ನು ಕಳೆದುಕೊಂಡ ಬಹುಜನರಿಗೆ ಇದು ಆಗುತ್ತದೆಂದು ವೈದ್ಯರು ಬಲ್ಲರು; ಯಾಕಂದರೆ ಕಾಲು ಹೋದರೂ ಮೆದುಳಿನಲ್ಲಿ ಕಾಲಿನ ಸ್ಥಳವು ಉಳಿದಿರುತ್ತದೆ. ಇದಕ್ಕೆ ಔಷಧಗಳುಂಟು. ವಿ. ಎಸ್. ರಾಮಚಂದ್ರನ್ ಎಂಬ ವಿದ್ವಾಂಸರು 1990ರ ದಶಕದಲ್ಲಿ ಕನ್ನಡಿಯ ಮುಂದೆ ಉಳಿದ ಅಂಗವನ್ನು ಆಡಿಸುವ ಉಪಾಯವನ್ನೂ ತೋರಿಸಿದರು. ಅದರಿಂದ ಕೆಲವರಿಗೆ ಉಪಶಮನವಾಗಿದೆ. ಆದರೆ ಹೇಳದವನಿಗೆ ಯಾವ ಉಪಾಯವೂ ದೊರೆಯದು.

ಎರಡನೆಯದು, ನಿಮ್ಮ ಜೀವನವನ್ನು ಬಲ್ಲವರು ನೀವೇ. ವೈದ್ಯರಿಗೆ ಎಲುಬೂ ನರವೂ ಗೊತ್ತು. ನಿಮ್ಮ ಗದ್ದೆಯ ಬದು ಗೊತ್ತಿಲ್ಲ. ಪೂರ್ವದಲ್ಲಿ ಪರದೇಶದ ಮಾದರಿಯಲ್ಲಿ ಮಾಡಿದ ಕಾಲುಗಳನ್ನು ನಮ್ಮ ದೇಶದ ಬಡವರು ಮೂಲೆಗೆ ಎಸೆಯುತ್ತಿದ್ದರು. ಅವುಗಳನ್ನು ಹಾಕಿಕೊಂಡು ಕುಕ್ಕರುಗಾಲಿನಲ್ಲಿ ಕೂರಲಾಗದು, ಚಕ್ಕಳಮಕ್ಕಳ ಹಾಕಲಾಗದು. ಅವುಗಳಿಗೆ ಬೂಟು ಬೇಕು, ಕೆಸರು ಆಗದು. ಜೈಪುರದ ಡಾಕ್ಟರ್ ಪಿ. ಕೆ. ಸೇಠಿ ಎಂಬವರು ಈ ಕೊರತೆಯನ್ನು ತುಚ್ಛವೆನ್ನದೆ ಮನಸ್ಸಿಗೆ ತಂದುಕೊಂಡರು. ದೊಡ್ಡ ಓದಿಲ್ಲದ ಶಿಲ್ಪಿಯಾದ ರಾಮಚಂದ್ರ ಶರ್ಮ ಎಂಬವರ ಕೈಚಳಕದಿಂದ 1968ರಲ್ಲಿ ರಬ್ಬರಿನ ಪಾದವು ಸಿದ್ಧವಾಯಿತು. ಬರಿಗಾಲಿನಲ್ಲಿ ನಡೆಯುವದಕ್ಕೂ ನೀರಿನಲ್ಲಿ ಇಳಿಯುವದಕ್ಕೂ ನೆಲದ ಮೇಲೆ ಕೂರುವದಕ್ಕೂ ತಕ್ಕದ್ದಾದ ಜೈಪುರದ ಕಾಲು ಅದೇ. ಬಡವರ ಅಡಚಣೆಯು ವೈದ್ಯರ ಕಿವಿಗೆ ಬಿದ್ದದ್ದರಿಂದ ಲಕ್ಷಾಂತರ ಜನರು ನಡೆದರು. ಹೀಗಿರಲಾಗಿ, ‘ನಾನು ನಾಟಿಗೆ ಇಳಿಯಬೇಕು, ನೆಲದ ಮೇಲೆ ಕೂತು ಉಣ್ಣುತ್ತೇನೆ, ಬಯಲಿನಲ್ಲಿ ಇಷ್ಟು ದೂರ ನಡೆಯುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿರಿ. ಮೊಂಡು ದಿನಕಳೆದಂತೆ ಬತ್ತುತ್ತದೆ. ಮೊದಲು ಬಿಗಿಯಾಗಿದ್ದದ್ದು ಸಡಿಲವಾಗಿ ಉಜ್ಜುತ್ತದೆ. ಆಗ ತಿರುಗಿ ಹೋಗಿ ಸರಿಮಾಡಿಸಿಕೊಳ್ಳುವದು ದೂರು ಹೇಳುವದಲ್ಲ, ಅದು ಚಿಕಿತ್ಸೆಯ ಭಾಗವೇ.

ಮೂರನೆಯದು, ಒಪ್ಪುವದಕ್ಕೆ ಮುಂಚೆ ಕೇಳಿರಿ. ಹೆಬ್ಬೆಟ್ಟು ಒತ್ತುವ ಮೊದಲು, ‘ಯಾಕೆ ತೆಗೆಯಬೇಕು? ಬೇರೆ ದಾರಿ ಉಂಟೇ? ಎಲ್ಲಿಯ ವರೆಗೆ ತೆಗೆಯುತ್ತೀರಿ? ಮೊಣಕಾಲನ್ನು ಉಳಿಸಬಹುದೇ?’ ಎಂದು ಕೇಳುವದು ಉದ್ಧಟತನವಲ್ಲ. ಮೊಣಕಾಲು ಉಳಿದವನಿಗೆ ನಡೆಯುವ ಶ್ರಮವು ಎಷ್ಟೋ ಕಡಿಮೆ. ಶಸ್ತ್ರಕ್ರಿಯೆಯಾದ ಮೇಲೆ, ‘ಹೇಗೆ ಮಲಗಲಿ? ಪಟ್ಟಿ ಹೇಗೆ ಸುತ್ತಲಿ?’ ಎಂದು ಕೇಳಿರಿ. ಹಿತವಾಗಿದೆಯೆಂದು ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಂಡವರ ಕಾಲು ಮಡಚಿದಂತೆಯೇ ಸೆಟೆದು, ಮುಂದೆ ಕೃತಕ ಕಾಲು ಹಾಕುವದೇ ಕಷ್ಟವಾಗುತ್ತದೆ. ಆದರೆ ವಿಷವು ಮೇಲಕ್ಕೇರಿ ಜೀವಕ್ಕೆ ಕೇಡು ಬಂದಿದೆ, ಈಗಲೇ ತೆಗೆಯಬೇಕೆಂದು ಡಾಕ್ಟರು ಹೇಳಿದರೆ, ತಡಮಾಡುವದು ಪ್ರಶ್ನೆ ಕೇಳುವದಲ್ಲ. ಅದು ಮರಣವನ್ನು ಕರೆಯುವದು.

ಈ ದೇಶದ ಕಾನೂನೂ ನಿಮ್ಮ ಬಾಯಿಗೆ ಮಾತು ಕೊಟ್ಟಿದೆ. ಚಿಕಿತ್ಸೆಯ ಸ್ವರೂಪವನ್ನೂ ಅಪಾಯವನ್ನೂ ಬೇರೆ ದಾರಿಯನ್ನೂ ತಿಳಿಸಿ ರೋಗಿಯ ಒಪ್ಪಿಗೆಯನ್ನು ಪಡೆಯಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಚಿಕಿತ್ಸೆಯ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ನಡತೆಯನ್ನು ಕುರಿತ 2002ರ ನಿಯಮಗಳಲ್ಲಿದೆ. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯ 25ನೆಯ ಪ್ರಕರಣವು, ಅವರಿಗೆ ಆಸ್ಪತ್ರೆಗಳಲ್ಲಿ ತಡೆಯಿಲ್ಲದ ಪ್ರವೇಶವನ್ನೂ ಚಿಕಿತ್ಸೆಯಲ್ಲಿ ಆದ್ಯತೆಯನ್ನೂ ಒದಗಿಸುವ ಭಾರವನ್ನು ಸರ್ಕಾರದ ಮೇಲೆ ಇಟ್ಟಿದೆ. ಇವು ದಯೆಯ ಕಾಸುಗಳಲ್ಲ, ಹಕ್ಕುಗಳು.

ಒಬ್ಬನು ಹೇಳಬಹುದು: ‘ಕರ್ತನು ಕುರಿಮರಿಯಂತೆ ಮೌನವಾಗಿದ್ದನಲ್ಲಾ; ಸಹಿಸುವದೇ ಕ್ರೈಸ್ತನ ಲಕ್ಷಣವಲ್ಲವೇ?’ ಸತ್ಯವೇದವನ್ನು ಪೂರ್ಣವಾಗಿ ಓದಿರಿ. ಮಹಾಯಾಜಕನ ಮುಂದೆ ಓಲೇಕಾರನು ಕೆನ್ನೆಗೆ ಹೊಡೆದಾಗ, ತಪ್ಪಾಗಿ ಮಾತಾಡಿದ್ದರೆ ತೋರಿಸು, ಇಲ್ಲವಾದರೆ ಹೊಡೆಯುವದು ಯಾಕೆಂದು ಕರ್ತನೇ ಕೇಳಿದನೆಂದು ಯೋಹಾನನು ಬರೆದಿದ್ದಾನೆ. ಪೌಲನನ್ನು ಕೊರಡೆಯಿಂದ ಹೊಡೆಯುವದಕ್ಕೆ ಬಿಗಿದಾಗ, ವಿಚಾರಣೆಯಿಲ್ಲದೆ ರೋಮಾಪುರದ ಹಕ್ಕುದಾರನನ್ನು ಹೊಡೆಯುವದು ನ್ಯಾಯವೋ ಎಂದು ಅವನು ಶತಾಧಿಪತಿಯನ್ನು ಕೇಳಿದನು. ಕರ್ತನು ಲೋಕದ ರಕ್ಷಣೆಗಾಗಿ ಮೌನವಾದನು. ನಾವಾದರೋ ಅಂಜಿಕೆಯಿಂದ ಮೌನವಾಗಿರುತ್ತೇವೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯಬೇಡಿರಿ. ನಮ್ಮ ಹಿರಿಯರು ತಲೆತಲಾಂತರದಿಂದ ದೊಡ್ಡವರ ಅಂಗಳದಲ್ಲಿ ದೂರ ನಿಂತು, ಕೈಕಟ್ಟಿ, ‘ಆಗಲಿ ಬುದ್ಧಿ’ ಎನ್ನುವದನ್ನೇ ಕಲಿತರು. ಆ ಅಂಗಳವು ನಮ್ಮೊಳಗೆ ಇನ್ನೂ ಉಳಿದಿದೆ. ಡಾಕ್ಟರ ಬಿಳೀ ಅಂಗಿಯನ್ನು ಕಂಡ ಕೂಡಲೇ ನಾವು ಪುನಃ ಅಲ್ಲಿಯೇ ಹೋಗಿ ನಿಲ್ಲುತ್ತೇವೆ. ಕ್ರಿಸ್ತನು ನಮ್ಮನ್ನು ಮಕ್ಕಳೆಂದು ಕರೆದದ್ದು ಇದಕ್ಕೋಸ್ಕರವೋ?

ಹಾಗಾದರೆ ಹೋರಾಡುವದಕ್ಕೆ ಹೋಗಬೇಡಿರಿ, ಮಾತಾಡುವದಕ್ಕೆ ಹೋಗಿರಿ. ಡಾಕ್ಟರ ಬಾಗಿಲಲ್ಲಿ ನೂರು ಜನರು ಕಾದಿರುತ್ತಾರೆ. ಅವರೂ ದಣಿದ ಮನುಷ್ಯರೇ. ಹೇಳಬೇಕಾದ ಮೂರು ಮಾತುಗಳನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆಯಿಸಿಕೊಳ್ಳಿರಿ. ಅರ್ಥವಾಗದಿದ್ದರೆ, ‘ಇನ್ನೊಂದು ಸಾರಿ ಹೇಳಿರಿ’ ಅನ್ನಿರಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿರಿ. ಜೊತೆಗೆ ಹೋಗುವವರೇ, ಉಪದೇಶಿಗಳೇ, ಹೆಂಡತಿಮಕ್ಕಳೇ, ಕೇಳಿರಿ: ನಿಮ್ಮ ಕೆಲಸವು ನೆನಪಿಟ್ಟುಕೊಳ್ಳುವದು, ಉತ್ತರ ಕೊಡುವದಲ್ಲ.

ಆ ಸಹೋದರನು ಪುನಃ ಆಸ್ಪತ್ರೆಗೆ ಹೋದಾಗ ನಾವೂ ಹೋದೆವು. ಆದರೆ ಈ ಸಾರಿ ಅವನ ಹಿಂದೆ ನಿಂತೆವು. ಡಾಕ್ಟರು ಕೇಳಿದರು. ಅವನು ತಡವರಿಸಿದನು, ತಿರುಗಿ ನಮ್ಮನ್ನು ನೋಡಿದನು. ನಾವು ನೆಲವನ್ನು ನೋಡುತ್ತಾ ಸುಮ್ಮನಿದ್ದೆವು. ಆಗ ಅವನು, ‘ಸ್ವಾಮಿ, ಇದು ಇಲ್ಲಿ ಉಜ್ಜುತ್ತದೆ. ಇದನ್ನು ಕಟ್ಟಿಕೊಂಡು ನಾನು ಬದುವಿನ ಮೇಲೆ ನಡೆಯಲಾರೆ’ ಅಂದನು. ಡಾಕ್ಟರು ಮಾಡುತ್ತಿದ್ದ ಬರಹವನ್ನು ನಿಲ್ಲಿಸಿ, ಕಾಲನ್ನು ಬಿಚ್ಚಿಸಿ, ಬೆರಳಿಟ್ಟು ನೋಡಿ, ಮೊಂಡು ಬತ್ತಿ ಸಡಿಲವಾಗಿದೆ, ಬೇರೆ ಅಳತೆ ತೆಗೆಯಬೇಕೆಂದು ಬರೆದುಕೊಟ್ಟರು. ‘ಇದನ್ನು ಹೋದ ಸಾರಿಯೇ ಹೇಳಬಾರದಾಗಿತ್ತೇ?’ ಎಂದು ಕೇಳಿದರು. ಆ ಪ್ರಶ್ನೆಯು ಅವನಿಗಲ್ಲ, ನಮಗೇ ಬಂದದ್ದು.

ಪ್ರಿಯರೇ, ನಿಮ್ಮ ಸಭೆಯಲ್ಲಿಯೂ ಕೈಯನ್ನೋ ಕಾಲನ್ನೋ ಕಳೆದುಕೊಂಡವರು ಇರಬಹುದು. ಅವರಿಗೆ ಅಕ್ಕಿಯನ್ನು ಕೊಡುತ್ತೀರಿ, ಒಳ್ಳೇದು. ಕರ್ತನು ಕೊಟ್ಟದ್ದನ್ನೂ ಕೊಡಿರಿ: ನಿಂತು, ಏನು ಬೇಕೆಂದು ಕೇಳಿ, ಉತ್ತರಕ್ಕಾಗಿ ಕಾದಿರಿ.

ಕೂಗಿದವನ ಶಬ್ದಕ್ಕೆ ಮಾರ್ಗದಲ್ಲಿ ನಿಂತ ಕರ್ತನೇ, ಅಂಜುವವರ ನಾಲಿಗೆಯನ್ನು ಸಡಿಲಿಸು. ಅವಸರಪಡುವ ನಮ್ಮ ನಾಲಿಗೆಗೆ ಕಡಿವಾಣ ಹಾಕು. ಗುಣಪಡಿಸುವವರ ಕಿವಿಯನ್ನು ತೆರೆ. ಆಮೆನ್.