ನಿಂತಂತೆ ಕಂಡದ್ದು

ಸಿಂಗಸಂದ್ರದ ಒಳರಸ್ತೆಯೊಂದರ ಸಣ್ಣ ಕಾರ್ಖಾನೆಗೆ ನಾನು ಕೆಲಸಕ್ಕೆ ಸೇರಿದಾಗ ಹೊಸೂರು ರಸ್ತೆಗೆ ಇನ್ನೂ ಮೇಲ್ಸೇತುವೆ ಬಂದಿರಲಿಲ್ಲ. ಲೋಹದ ಬಿಡಿಭಾಗಗಳಿಗೆ ಪೌಡರ್ ಕೋಟಿಂಗ್ ಮಾಡಿ ದೊಡ್ಡ ಓವನ್‌ನಲ್ಲಿ ಬೇಯಿಸುವುದು ಅಲ್ಲಿಯ ಕೆಲಸ. ಒಳಗೆ ಬಿಸಿಗಾಳಿ ಸುತ್ತಿಸುವ ಬ್ಲೋವರ್ ಒಂದು ದಿನ ನಡುಗತೊಡಗಿತು. ನಿಲ್ಲಿಸಿ ನೋಡಿದರೆ ಏನೂ ಕಾಣದು, ಓಡಿಸಿದರೆ ನಡುಕ. ಯಂತ್ರಗಳ ಎಷ್ಟೋ ಕಾಯಿಲೆಗಳು ಹೀಗೆಯೇ, ತಿರುಗುವಾಗ ಮಾತ್ರ ಇರುತ್ತವೆ.

ನಮ್ಮ ಹಿರಿಯ ತಂತ್ರಜ್ಞರು ಸ್ಟ್ರೋಬ್ ದೀಪ ತಂದರು. ಮೋಟಾರನ್ನೂ ಬ್ಲೋವರನ್ನೂ ಜೋಡಿಸುವ ಕಪ್ಲಿಂಗ್ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಯಂತ್ರ ಶುರುಮಾಡಿ, ದೀಪವನ್ನು ನನ್ನ ಕೈಗಿತ್ತರು. ಅದು ಎಡೆಬಿಡದೆ ಮಿಂಚುವ ದೀಪ. ನಿಮಿಷಕ್ಕೆ ಎಷ್ಟು ಸಲ ಮಿಂಚಬೇಕೆಂದು ಗುಂಡಿ ತಿರುಗಿಸಿ ಹೇಳಬಹುದು. ಮಿಂಚಿದಾಗಲೆಲ್ಲ ಗೆರೆ ಅದೇ ಜಾಗಕ್ಕೆ ಬಂದಿದ್ದರೆ ಕಣ್ಣಿಗೆ ಅದು ನಿಂತೇ ಇದ್ದಂತೆ. ನಾನು ತಿರುಗಿಸುತ್ತಾ ಹೋದೆ. 720ಕ್ಕೆ ಬಂದಾಗ ಗೆರೆ ನಿಂತಿತು.

‘ಅರ್ಧ ವೇಗದಲ್ಲಿ ಓಡ್ತಿದೆ ಸಾರ್’ ಅಂದೆ.

‘ಎರಡು ಪಟ್ಟು ಮಾಡಿ ನೋಡು’ ಅಂದರು.

1440ಕ್ಕೂ ಗೆರೆ ಒಂದೇ, ನಿಂತೇ ಇತ್ತು. 2880ಕ್ಕೆ ಮಾತ್ರ ಎದುರುಬದುರಾಗಿ ಎರಡು ಗೆರೆಗಳು ಕಂಡವು. ಒಂದು ಮಿಂಚಿಗೂ ಇನ್ನೊಂದಕ್ಕೂ ನಡುವೆ ಶಾಫ್ಟ್ ಒಂದು ಸುತ್ತು ಬರಲಿ, ಎರಡು ಸುತ್ತು ಬರಲಿ, ಚಿತ್ರ ಒಂದೇ. ಆದ್ದರಿಂದ ಒಂದೇ ಗೆರೆ ಕಾಣಿಸುವ ಅತಿ ಹೆಚ್ಚಿನ ಸಂಖ್ಯೆಯೇ ನಿಜವಾದ ವೇಗ. ಮೊದಲು ಕಂಡ ನಿಶ್ಚಲತೆಯನ್ನು ನಂಬಿದವನು ಸಂಖ್ಯೆಯಲ್ಲೇ ಎಡವುತ್ತಾನೆ.

ಆಮೇಲೆ ಅವರು ಗುಂಡಿಯನ್ನು ಒಂದಿಷ್ಟೇ ಹಿಂದಕ್ಕೆ ತಿರುಗಿಸಿದರು. ನಿಂತಿದ್ದ ಕಪ್ಲಿಂಗ್ ತೇರಿನ ಚಕ್ರದಂತೆ ನಿಧಾನವಾಗಿ ಉರುಳತೊಡಗಿತು. ಆರು ಬೋಲ್ಟುಗಳು ಒಂದೊಂದಾಗಿ ಕಣ್ಣ ಮುಂದೆ ಹಾದವು. ನಾಲ್ಕನೆಯದರ ನಟ್ಟು ಸಡಿಲವಾಗಿ ಹೊರಗೆ ಸರಿದಿತ್ತು. ಸಂತೋಷದಲ್ಲಿ ತೋರಿಸಲು ನಾನು ಬೆರಳು ಮುಂದೆ ಚಾಚಿದೆ. ಅವರು ನನ್ನ ಮಣಿಕಟ್ಟಿಗೆ ಬಲವಾಗಿ ಹೊಡೆದರು. ಜಾಲರಿ ತೆಗೆದಿತ್ತು. ನನ್ನ ಬೆರಳಿನ ಮುಂದಿದ್ದದ್ದು ನಿಮಿಷಕ್ಕೆ 1440 ಸುತ್ತು ತಿರುಗುವ ಕಬ್ಬಿಣ.

ಈ ಉಪಾಯ ಹಳೆಯದು. 1832ರಲ್ಲಿ ಬೆಲ್ಜಿಯಂನ ಪ್ಲಾಟೊ ಮತ್ತು ಆಸ್ಟ್ರಿಯಾದ ಸ್ಟಾಂಫರ್, ಒಬ್ಬರಿಗೊಬ್ಬರು ತಿಳಿಯದೆ, ಸೀಳುಗಳಿರುವ ತಟ್ಟೆ ತಿರುಗಿಸಿ ಇದನ್ನು ತೋರಿಸಿದರು. ನೂರು ವರ್ಷಗಳ ಬಳಿಕ ಅಮೆರಿಕದಲ್ಲಿ ಹೆರಾಲ್ಡ್ ಎಡ್ಗರ್ಟನ್ ಮಿಂಚುದೀಪದಿಂದ ಓಡುವ ಮೋಟಾರುಗಳನ್ನು ಪರೀಕ್ಷಿಸಿದರು. ಇದರ ಅಪಾಯವೂ ಹಳೆಯದೇ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟು ಅದರಿಂದಾಗಿ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತದೆ. ಅದರ ಕೆಳಗೆ ನಿಮಿಷಕ್ಕೆ 2000 ಸುತ್ತು ತಿರುಗುವ ಲೇಥಿನ ಮೂರು ಹಲ್ಲಿನ ಚಕ್ ನಿಂತಂತೆ ಕಾಣಬಲ್ಲದು. ಅದಕ್ಕೇ ವರ್ಕ್‌ಶಾಪುಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಜೋಡಿಸುವುದು, ಲೇಥಿನ ಮೇಲೆ ಪ್ರತ್ಯೇಕ ಬಲ್ಬು ಹಾಕುವುದು.

ಆ ಚಕ್ಕಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ‘ನಿಂತ’ ಹಲ್ಲು ಒಂದೇ ಹಲ್ಲಲ್ಲ. ಒಂದರ ಜಾಗಕ್ಕೆ ಮುಂದಿನದು, ಅದರ ಜಾಗಕ್ಕೆ ಮೂರನೆಯದು ಬಂದು ನಿಲ್ಲುತ್ತಿರುತ್ತವೆ. ಇದನ್ನು ಯೋಚಿಸುವಾಗಲೆಲ್ಲ ನನಗೆ ನಮ್ಮ ದಾರ್ಶನಿಕರ ಹಳೆಯ ಜಗಳ ನೆನಪಾಗುತ್ತದೆ. ‘ಇದು ಅದೇ’ ಎಂದು ಗುರುತು ಹಿಡಿಯುತ್ತೇವಲ್ಲ, ಹಾಗಾಗಿ ವಸ್ತು ಸ್ಥಿರ ಎಂದು ನೈಯಾಯಿಕರು ವಾದಿಸಿದರು. ದೀಪದ ಕುಡಿಯೂ ಅದೇ ಎನಿಸುತ್ತದೆ, ಕತ್ತರಿಸಿದ ಮೇಲೆ ಬೆಳೆದ ಉಗುರೂ ಅದೇ ಎನಿಸುತ್ತದೆ, ಹೋಲಿಕೆಯನ್ನು ನೀವು ಐಕ್ಯ ಎಂದುಕೊಂಡಿದ್ದೀರಿ ಎಂದರು ಕ್ಷಣಿಕವಾದಿ ಬೌದ್ಧರು. ಯಾರು ಗೆದ್ದರೆಂದು ಹೇಳುವ ಯೋಗ್ಯತೆ ನನಗಿಲ್ಲ. ಹಿರಿಯರು ಒಂದೇ ಕಡೆ ಸೀಮೆಸುಣ್ಣದ ಗೆರೆ ಎಳೆದದ್ದು ಯಾಕೆಂದು ಮಾತ್ರ ಗೊತ್ತು. ಒಂದನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸದೆ ನಾವು ನೋಡಿದ್ದು ಯಾವುದನ್ನೆಂದೇ ತಿಳಿಯುವುದಿಲ್ಲ.

ಇಷ್ಟು ಬರೆದದ್ದು ಯಂತ್ರದ ಸಲುವಾಗಿ ಅಲ್ಲ. ಆ ಬ್ಲೋವರ್ ರಿಪೇರಿಯಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದಕ್ಕೆ ಎರಡು ತಿಂಗಳ ಹಿಂದೆ ಅದೇ ಓವನ್ ಬಳಿ ಗುತ್ತಿಗೆ ಮೇಲೆ ಒಬ್ಬ ಹುಡುಗ ಕೆಲಸಕ್ಕಿದ್ದ. ನಾನು ಗಂಟೆಗೊಮ್ಮೆ ಸುತ್ತು ಹೋಗಿ ಮೀಟರುಗಳನ್ನು ಬರೆದುಕೊಳ್ಳಬೇಕಿತ್ತು. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬಂದೊಡನೆ ಹೊರಡುವುದು ನನ್ನ ಶಿಸ್ತು, ಅದರ ಬಗ್ಗೆ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ಹೋದಾಗಲೆಲ್ಲ ಆ ಹುಡುಗ ಡಬ್ಬವೊಂದರ ಮೇಲೆ ಕೂತಿರುತ್ತಿದ್ದ. ಬೆಳಿಗ್ಗೆ ಕೂತಿದ್ದ, ಮಧ್ಯಾಹ್ನ ಕೂತಿದ್ದ, ಮರುದಿನವೂ ಕೂತಿದ್ದ. ವಾರವಿಡೀ ನೋಡಿ, ಆತುರಪಡಲಿಲ್ಲ ಎಂಬ ಸಮಾಧಾನದಲ್ಲಿ, ಕೆಲಸಗಳ್ಳ ಎಂದು ಬರೆದುಕೊಟ್ಟೆ. ಮುಂದಿನ ತಿಂಗಳು ಅವನನ್ನು ಬರಬೇಡವೆಂದರು. ನನ್ನೆದುರು ಹಾದು ಹೋಗುವಾಗ ಅವನು ಏನೂ ಹೇಳಲಿಲ್ಲ.

ಓವನ್‌ನ ಒಂದು ಸರದಿ ಅರ್ಧ ಗಂಟೆಯದು. ಬೆಂದದ್ದನ್ನು ಇಳಿಸಿ, ಹೊಸದನ್ನು ಒಳಗಿಟ್ಟು, ಮುಂದಿನದನ್ನು ಕೊಕ್ಕೆಗಳಿಗೆ ತೂಗುಹಾಕಿ ಮುಗಿಸಲು ಇಪ್ಪತ್ತೈದು ನಿಮಿಷ ಬೇಕು. ಉಳಿದ ಐದು ನಿಮಿಷ ಬೆಲ್ ಹೊಡೆಯುವುದನ್ನು ಕಾಯುತ್ತಾ ಕೂರುವುದನ್ನು ಬಿಟ್ಟು ಮಾಡಲು ಏನೂ ಇಲ್ಲ. ಆ ಐದು ನಿಮಿಷ ಶುರುವಾಗುತ್ತಿದ್ದದ್ದು ನಾನು ಹೊರಡುವ ಹೊತ್ತಿಗೆ ಸರಿಯಾಗಿ. ಓವನ್ ಅರ್ಧ ಗಂಟೆಗೊಮ್ಮೆ ಸುತ್ತುತ್ತಿತ್ತು, ನಾನು ಗಂಟೆಗೊಮ್ಮೆ ಮಿಂಚುತ್ತಿದ್ದೆ. ಇದು ಹೊಳೆದದ್ದು 720ರಲ್ಲಿ ನಿಂತ ಗೆರೆಯನ್ನು ನೆನೆಯುತ್ತಾ ಮಲಗಿದ್ದಾಗ.

ನಾನು ಸುಳ್ಳು ಬರೆದಿರಲಿಲ್ಲ. ನೋಡಿದ್ದನ್ನೇ ಬರೆದಿದ್ದೆ. ನ್ಯಾಯ ಬೇಕೆಂದರೆ ಹೆಚ್ಚು ಸಲ ನೋಡಬೇಕು ಎಂದು ನಾವೆಲ್ಲ ನಂಬುತ್ತೇವೆ. ಆದರೆ ಒಂದೇ ತಾಳದಲ್ಲಿ ನಲವತ್ತು ಸಲ ನೋಡಿದರೂ ಅದು ಒಂದು ಸಲ ನೋಡಿದ್ದಕ್ಕೆ ಸಮ. ಪ್ರತಿ ಮಿಂಚೂ ಹಿಂದಿನದಕ್ಕೆ ಸಾಕ್ಷಿ ಹೇಳುತ್ತದೆ, ನಮ್ಮ ನಂಬಿಕೆ ಗಟ್ಟಿಯಾಗುತ್ತದೆ, ತಿಳಿವಳಿಕೆ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಹಬ್ಬಕ್ಕೆ ಮಾತ್ರ ಭೇಟಿಯಾಗುವ ನೆಂಟ, ಸಾಲ ಕೇಳಲು ಮಾತ್ರ ಫೋನು ಮಾಡುವ ಗೆಳೆಯ, ಪರೀಕ್ಷೆಯ ದಿನ ಮಾತ್ರ ಕಾಣುವ ವಿದ್ಯಾರ್ಥಿ: ಇವರನ್ನೆಲ್ಲ ‘ನನಗೆ ವರ್ಷಗಳಿಂದ ಗೊತ್ತು’ ಎನ್ನುತ್ತೇವೆ.

ಹಾಗಾದರೆ ಯಾರನ್ನೂ ಅಳೆಯಬಾರದೇ? ಅದು ಸುಲಭದ ಉತ್ತರ, ನನಗೆ ಒಪ್ಪಿಗೆಯಿಲ್ಲ. ಮಿಂಚುದೀಪವಿಲ್ಲದೆ ಸಡಿಲವಾದ ನಟ್ಟು ಸಿಗುತ್ತಿರಲಿಲ್ಲ, ಕಪ್ಲಿಂಗ್ ಯಾವಾಗಲೋ ಹಾರಿ ಯಾರನ್ನಾದರೂ ಬಡಿಯುತ್ತಿತ್ತು. ಹರಿಯುವುದನ್ನು ಒಂದು ಗಳಿಗೆ ನಿಲ್ಲಿಸದೆ ನೋಡಲಾಗದು. ನಿಂತ ಚಿತ್ರ ಸುಳ್ಳೂ ಅಲ್ಲ. ಆದರೆ ಆ ನಿಲುವು ಯಂತ್ರದ ಗುಣವಲ್ಲ. ಅದು ಯಂತ್ರಕ್ಕೂ ದೀಪಕ್ಕೂ ನಡುವೆ ಹುಟ್ಟಿದ್ದು, ಅರ್ಧ ಪಾಲು ದೀಪ ಹಿಡಿದವನದು. ತನ್ನ ಪಾಲನ್ನು ಅವನು ಲೆಕ್ಕಕ್ಕೆ ಹಿಡಿಯಲೇಬೇಕು. ಗುಂಡಿಯನ್ನು ಎರಡು ಪಟ್ಟು ತಿರುಗಿಸಿ ನೋಡಬೇಕು, ಒಂದಿಷ್ಟು ತಾಳ ತಪ್ಪಿಸಿಯೂ ನೋಡಬೇಕು. ಸರಿಯಾಗಿ ಹೊಂದಿಕೊಂಡಾಗ ಕಂಡದ್ದು ಒಂದೇ ಮುಖ, ತಾಳ ತಪ್ಪಿಸಿದಾಗಲೇ ಆರೂ ಬೋಲ್ಟುಗಳು ಕಂಡದ್ದು.

ನಾನು ಗುತ್ತಿಗೆದಾರರ ಬಳಿ ಹೋಗಿ ಹುಡುಗನನ್ನು ಕೇಳಿದೆ. ಊರಿಗೆ ಹೋದನೋ ಬೇರೆ ಕಡೆ ಸೇರಿದನೋ ಅವರಿಗೆ ತಿಳಿದಿರಲಿಲ್ಲ. ಬರೆದುಕೊಟ್ಟ ಕಾಗದವನ್ನು ಹಿಂತೆಗೆದುಕೊಳ್ಳುತ್ತೇನೆಂದು ಮ್ಯಾನೇಜರಿಗೆ ಹೇಳಿದೆ. ‘ಈಗ ಯಾಕೆ ಬಿಡಿ’ ಅಂದರು. ಅಂದಿನಿಂದ ನನ್ನ ಸುತ್ತುಗಳಿಗೆ ಹೊತ್ತು ಗೊತ್ತು ಇಲ್ಲದ ಹಾಗೆ ಮಾಡಿಕೊಂಡೆ. ಅದರಿಂದ ಮುಂದಿನವರಿಗೆ ಏನಾದರೂ ಒಳ್ಳೆಯದಾಗಿರಬಹುದು, ಆ ಹುಡುಗನಿಗೆ ಆಗಲಿಲ್ಲ.

ಈಗ ಸಿಂಗಸಂದ್ರದಲ್ಲಿ ಮೆಟ್ರೋ ನಿಲ್ದಾಣವಿದೆ. ರೈಲು ಅಲ್ಲಿ ನಿಂತು ಹೊರಡುವಷ್ಟರಲ್ಲಿ ಕೆಳಗೆ ಯಾರೋ ಒಬ್ಬರು ಗೋಡೆಗೊರಗಿ ಸುಮ್ಮನೆ ಕೂತಿರುವುದು ಕಾಣುತ್ತದೆ. ಅವರ ಬಗ್ಗೆ ಏನೋ ಒಂದು ತೀರ್ಮಾನ ತಾನಾಗಿ ಮನಸ್ಸಿಗೆ ಬಂದುಬಿಡುತ್ತದೆ. ಆಗೆಲ್ಲ ಮಣಿಕಟ್ಟಿನ ಮೇಲೆ ಬಿದ್ದ ಆ ಹೊಡೆತ ನೆನಪಾಗುತ್ತದೆ.