ಕುಟುಂಬದ ಭಾವಚಿತ್ರವೂ ಕುರಿಗಳ ಬಳಿಯಲ್ಲಿದ್ದ ಮಗನೂ

ಓದತಕ್ಕ ಭಾಗ: 1 ಸಮುವೇಲ 16ನೆಯ ಅಧ್ಯಾಯ



ಸುಗ್ಗಿಯು ತೀರಿ ಕೈಯಲ್ಲಿ ನಾಲ್ಕು ಕಾಸು ಆಡುವ ದಿವಸಗಳಲ್ಲಿ ನಮ್ಮ ಸಭೆಯ ಅನೇಕ ಮನೆಗಳಲ್ಲಿ ಒಂದು ಹೊಸ ಗಡಿಬಿಡಿಯು ಹುಟ್ಟುವದನ್ನು ನಾವು ಕಾಣುತ್ತೇವೆ. ಪಟ್ಟಣದಲ್ಲಿ ಕೆಲಸಕ್ಕಿರುವ ಮಗನು ರಜೆಗೆ ಬಂದಾಗ, ಇಲ್ಲವೆ ಮಗಳನ್ನು ಮದುವೆಮಾಡಿ ಕೊಡುವದಕ್ಕೆ ಮುಂಚೆ, ಇಡೀ ಮನೆಯವರು ಕೂಡಿ ಒಂದು ಭಾವಚಿತ್ರವನ್ನು ತೆಗಿಸಿಕೊಳ್ಳಬೇಕೆಂಬದೇ ಅದು. ಈ ಆಶೆಯು ಕೆಟ್ಟದ್ದಲ್ಲ. ತೀರಿಹೋದ ತಂದೆತಾಯಿಗಳ ಮುಖವನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂದರೆ ಒಂದು ಚಿತ್ರವೂ ಇಲ್ಲದ ಮನೆಗಳು ನಮ್ಮಲ್ಲಿ ಬಹಳ ಉಂಟು. ಮೊಬೈಲಿನಲ್ಲಿ ದಿನಕ್ಕೆ ಹತ್ತು ಚಿತ್ರಗಳನ್ನು ತೆಗೆಯುತ್ತೇವಲ್ಲಾ ಎಂದು ಹುಡುಗರು ಹೇಳಾರು. ಆದರೆ ಮೊಬೈಲು ಕೆಟ್ಟ ದಿವಸ ಆ ಚಿತ್ರಗಳೂ ಅದರ ಸಂಗಡವೇ ಹೋದದ್ದನ್ನು ನಾವು ಒಂದೆರಡು ಮನೆಗಳಲ್ಲಿ ನೋಡಿದ್ದೇವೆ. ಗೋಡೆಗೆ ತೂಗಹಾಕಿದ ಚಿತ್ರದ ಮಾತೇ ಬೇರೆ.

ಇಂಥ ಗಡಿಬಿಡಿಯ ಒಂದು ಮನೆಗೆ ನಾವು ಸಂದರ್ಶನಕ್ಕಾಗಿ ಹೋದೆವು. ಅದು ಬಯಲುಸೀಮೆಯ ಒಂದು ಸಣ್ಣ ಹಳ್ಳಿ. ತಾಲೂಕಿನಿಂದ ಫೋಟೋದವನು ಬಂದು ತನ್ನ ಸಾಮಾನುಗಳನ್ನು ಬಿಚ್ಚುತ್ತಾ ಇದ್ದನು. ಅಣ್ಣತಮ್ಮಂದಿರಿಬ್ಬರೂ ಅವರ ಹೆಂಡಂದಿರೂ ಮೂವರು ಮಕ್ಕಳೂ, ಹೀಗೆ ಏಳು ಮಂದಿ, ಒಂದೇ ಕೆಂಪು ಬಣ್ಣದ ಹೊಸ ಬಟ್ಟೆಗಳನ್ನು ತೊಟ್ಟುಕೊಂಡು ಪಡಸಾಲೆಯಲ್ಲಿ ನಿಂತಿದ್ದರು. ಹಿರೀ ಸೊಸೆಯು ಸಂಘದಿಂದ ಸಾಲ ತಂದು ಬಟ್ಟೆ ಕೊಂಡಿದ್ದಳು. ವಾರಕ್ಕೊಮ್ಮೆ ಕಂತು ಕಟ್ಟಬೇಕಾದ ಸಾಲವದು. ನಾವು ಕುಶಲಪ್ರಶ್ನೆ ಮಾಡಿ, ಎಲ್ಲರೂ ಬಂದಾಯಿತೋ ಎಂದು ಸುಮ್ಮನೆ ಕೇಳಿದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಡೆಗೆ ಆ ಸೊಸೆಯೇ, “ಅತ್ತಿ ಹಿತ್ತಲದಾಗ ಆಡು ನೋಡ್ಕೋತ ಕುಂತಾರ್ರೀ ಅಯ್ನಾರ, ಅವರಿಗೆ ಸೀರಿ ತರಾಕ ರೊಕ್ಕ ಸಾಲಲಿಲ್ಲ,” ಎಂದು ತಲೆ ತಗ್ಗಿಸಿಕೊಂಡು ಹೇಳಿದಳು.

ಪ್ರಿಯರೇ, ಅವಳನ್ನು ನಾವು ಗದರಿಸಲಿಲ್ಲ. ಗದರಿಸುವ ಬಾಯಿ ನಮಗೂ ಇರಲಿಲ್ಲ. ಹಿಂದೆ ಒಂದು ಸಾರಿ ಸಭೆಯ ಹಬ್ಬದ ದಿವಸ ಎಲ್ಲರನ್ನೂ ಗುಡಿಯ ಮುಂದೆ ನಿಲ್ಲಿಸಿ ಚಿತ್ರ ತೆಗಿಸಿದಾಗ, ಹೊಲದಿಂದ ನೆಟ್ಟಗೆ ಬಂದಿದ್ದ ಇಬ್ಬರು ಆಳುಗಳಿಗೆ, ಮನೆಗೆ ಹೋಗಿ ಬಟ್ಟೆ ಬದಲಿಸಿಕೊಂಡು ಬನ್ನಿರೆಂದು ಹೇಳಿದವರು ನಾವೇ. ಅವರು ಹೋದರು, ತಿರಿಗಿ ಬರಲಿಲ್ಲ. ಬದಲಿಸುವದಕ್ಕೆ ಬೇರೆ ಬಟ್ಟೆಯು ಅವರಲ್ಲಿ ಇತ್ತೋ ಇಲ್ಲವೋ ಎಂಬದನ್ನು ನಾವು ಯೋಚಿಸಿರಲಿಲ್ಲ. ಆ ಚಿತ್ರವು ಇಂದಿಗೂ ಗುಡಿಯ ಗೋಡೆಯ ಮೇಲೆ ಉಂಟು, ಅವರು ಅದರಲ್ಲಿಲ್ಲ.

ಬೇತ್ಲೆಹೇಮಿನಲ್ಲಿ ಇಷಯನ ಮನೆಯಲ್ಲಿಯೂ ಇದೇ ನಡೆಯಿತು. ಪ್ರವಾದಿಯಾದ ಸಮುವೇಲನು ಬಂದಿದ್ದಾನೆಂದು ತಂದೆಯು ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅವನ ಮುಂದೆ ನಡಿಸಿದನು. ಹಿರಿಯನಾದ ಎಲೀಯಾಬನು ಎತ್ತರದ ಆಳು. ಅವನನ್ನು ಕಂಡ ಕೂಡಲೆ ಪ್ರವಾದಿಯ ಮನಸ್ಸು ಕೂಡ ಒಲಿಯಿತು. ಇಷ್ಟು ಅನುಭವವುಳ್ಳ ದೇವರ ಮನುಷ್ಯನೇ ಮೈಕಟ್ಟಿಗೆ ಮರುಳಾದ ಮೇಲೆ ನಮ್ಮಂಥವರ ಗತಿ ಏನು! ಏಳು ಮಕ್ಕಳು ಮುಂದೆ ಹಾದುಹೋದರು, ಏಳು ಮಂದಿಯಲ್ಲಿ ಯಾರೂ ಆರಿಸಲ್ಪಡಲಿಲ್ಲ. ಆಗ ಸಮುವೇಲನು ಇನ್ನಾರಾದರೂ ಇದ್ದಾರೋ ಎಂದು ಕೇಳಬೇಕಾಯಿತು. ಇಲ್ಲಿ ನೀವು ಗಮನಿಸಬೇಕಾದದ್ದೇನಂದರೆ, ಇಷಯನು ಎಂಟನೆಯವನನ್ನು ದ್ವೇಷಿಸಿದನೆಂದು ಎಲ್ಲಿಯೂ ಬರೆದಿಲ್ಲ. ಯಾರಾದರೂ ಕುರಿ ಕಾಯಲೇಬೇಕಲ್ಲವೇ; ಕಿರಿಯವನು ಕಾಯುತ್ತಿದ್ದನು. ಮನೆಯಲ್ಲಿ ಯಾವ ಜಗಳವೂ ಇಲ್ಲದೆ, ಯಾರಿಗೂ ಕೆಟ್ಟ ಮನಸ್ಸಿಲ್ಲದೆ, ಒಬ್ಬನು ಲೆಕ್ಕದಿಂದ ಬಿಟ್ಟುಹೋದನು. ಅವನು ಬರುವ ತನಕ ಊಟಕ್ಕೆ ಕೂಡ್ರುವದಿಲ್ಲವೆಂದು ಪ್ರವಾದಿಯು ಹಟ ಹಿಡಿದನು. ದಾವೀದನು ಅಡವಿಯಿಂದ ಬಂದಾಗ ಅವನಿಗೆ ಬೇರೆ ಅಂಗಿಯನ್ನು ತೊಡಿಸಿದರೆಂಬ ಮಾತೂ ಆ ಅಧ್ಯಾಯದಲ್ಲಿಲ್ಲ. ಬಂದವನ ತಲೆಯ ಮೇಲೆ ಎಣ್ಣೆ ಹೊಯ್ಯಲ್ಪಟ್ಟಿತು.

ಹಾಗಾದರೆ ಕೊಳಕು ಬಟ್ಟೆಯಲ್ಲಿಯೇ ಚಿತ್ರಕ್ಕೆ ನಿಲ್ಲಬೇಕೋ ಎಂದರೆ, ಹಾಗಲ್ಲ. ಯೋಸೇಫನು ಸೆರೆಮನೆಯಿಂದ ಫರೋಹನ ಬಳಿಗೆ ಹೋಗುವಾಗ ಕ್ಷೌರಮಾಡಿಸಿಕೊಂಡು ಬಟ್ಟೆ ಬದಲಿಸಿಕೊಂಡನು. ಶುಚಿಯಾಗಿ ನಿಲ್ಲುವದು ಎದುರಿಗಿರುವವರಿಗೆ ಕೊಡುವ ಮರ್ಯಾದೆ. ಇಷ್ಟೇ ನಾವು ಹೇಳುವದು: ಇದ್ದ ಬಟ್ಟೆಯನ್ನು ಒಗೆದು ಇಸ್ತ್ರಿ ಮಾಡಿದರೆ ಸಾಕು. ಫೋಟೋದವರಿಂದ ಕೇಳಿ ತಿಳಿದ ಒಂದೆರಡು ಸಂಗತಿಗಳನ್ನೂ ಹೇಳುತ್ತೇವೆ. ಎಲ್ಲರೂ ಒಂದೇ ಬಣ್ಣ ಉಡಬೇಕೆಂಬದು ಬರೀ ಹೊಸ ಚಾಳಿ. ಒಂದಕ್ಕೊಂದು ಕಚ್ಚಾಡದ ಬಣ್ಣಗಳಾದರೆ ಆಯಿತು. ನವುರಾದ ಗೆರೆಗಳೂ ಸಣ್ಣ ಚೌಕಳಿಗಳೂ ಉಳ್ಳ ಬಟ್ಟೆಯು ಈಗಿನ ಕ್ಯಾಮೆರಾಗಳಲ್ಲಿ ಕೆಲವು ಸಾರಿ ನೀರಿನ ಅಲೆಯಂತೆ ಮೂಡಿ ಚಿತ್ರವನ್ನು ಕೆಡಿಸುವದು. ಹಾಲಿನಂಥ ಬಿಳೀ ಬಟ್ಟೆ ಬಿಸಿಲಿನಲ್ಲಿ ಕಣ್ಣು ಕುಕ್ಕಿದರೆ ನೆರಿಗೆಯೂ ಕಾಣದು, ಅದರ ಪಕ್ಕದಲ್ಲಿ ಮುಖವೂ ಕಪ್ಪಾಗಿ ತೋರುವದು. ನಡುಮಧ್ಯಾಹ್ನ ಬೈಲಿನಲ್ಲಿ ನಿಂತರೆ ಕಣ್ಣುಗಳ ಕುಳಿಯಲ್ಲಿ ನೆರಳು ತುಂಬುವದು; ಬೆಳಿಗ್ಗೆ, ಇಲ್ಲವೆ ಹೊತ್ತು ಇಳಿದ ಮೇಲೆ, ಪಡಸಾಲೆಯ ನೆರಳಿನಲ್ಲಿ ಬೆಳಕಿನ ಕಡೆಗೆ ಮುಖಮಾಡಿ ಕೂತುಕೊಳ್ಳಿರಿ. ಮಕ್ಕಳಿಗೆ ಹೊಸ ಗಂಜಿಯ ಅಂಗಿಯನ್ನು ಅದೇ ಗಳಿಗೆಯಲ್ಲಿ ತೊಡಿಸಬೇಡಿರಿ; ಕುತ್ತಿಗೆ ಕೊರೆದು ಅಳುವ ಮಗುವನ್ನು ಯಾವ ಫೋಟೋದವನೂ ನಗಿಸಲಾರನು.

ಬಣ್ಣದ ಮಾತು ಬಂದದರಿಂದ ಹಳೇ ಕಾಲದ ಒಂದು ಸಂಗತಿಯು ನಮ್ಮ ನೆನಪಿಗೆ ಬರುತ್ತದೆ. 1839ರಲ್ಲಿ ಫ್ರಾನ್ಸ್ ದೇಶದ ದಗೇರ್ ಎಂಬವನ ವಿಧಾನವು ಲೋಕಕ್ಕೆ ಪ್ರಕಟವಾದಾಗ, ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಒಂದು ಚಿತ್ರವು ಮೂಡಬೇಕಾದರೆ ಅನೇಕ ನಿಮಿಷಗಳು ಹಿಡಿಯುತ್ತಿದ್ದವು. ಆ ಮೇಲೆ ಬಂದ ಗಾಜಿನ ಫಲಕಗಳಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ, ಆದರೆ ಅವುಗಳಿಗೆ ನೀಲಿಯ ಕಡೆಯ ಬೆಳಕು ಮಾತ್ರ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಆದದರಿಂದ ಹಣ ಸುರಿದು ಕೆಂಪು ಬಟ್ಟೆ ಉಟ್ಟವಳು ಚಿತ್ರದಲ್ಲಿ ಕಪ್ಪು ಬಟ್ಟೆಯವಳಾದಳು, ನೀಲಿ ಉಟ್ಟವಳು ಬಿಳುಪಾದಳು! ಆ ಕಾಲದ ಇನ್ನೊಂದು ಪದ್ಧತಿಯು ನಮ್ಮ ಮನಸ್ಸನ್ನು ಹೆಚ್ಚು ತಟ್ಟಿತು. ಪಶ್ಚಿಮ ದೇಶಗಳಲ್ಲಿ ಹಸುಗೂಸುಗಳ ಚಿತ್ರ ತೆಗೆಯುವಾಗ, ಕೂಸು ಮಿಸುಕದಂತೆ ತಾಯಿಯು ಅದನ್ನು ಹಿಡಿದುಕೊಂಡು ಕೂತುಕೊಳ್ಳುವಳು. ಅವಳು ಚಿತ್ರದಲ್ಲಿ ತೋರಬಾರದೆಂದು ಅವಳ ತಲೆಯ ಮೇಲಿನಿಂದ ಒಂದು ಬಟ್ಟೆಯನ್ನು ಹೊದಿಸಿಬಿಡುವರು. ಅಂಥ ಚಿತ್ರಗಳು ಬಹಳ ಉಳಿದಿವೆ. ಚೆಂದಾಗಿ ಉಡುಗೆ ತೊಟ್ಟ ಮಗು ಮುಂದೆ, ಅದರ ಹಿಂದೆ ಮುಸುಕಿನ ಒಂದು ಗುಡ್ಡೆ. ಆ ಗುಡ್ಡೆಯೇ ತಾಯಿ.

ನಮ್ಮ ಸಭೆಗಳ ಹಿರಿಯರಿಗೂ ಹೀಗೇ ಆಗಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರ ಹಳೇ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ದಫ್ತರದಲ್ಲಿ ಸಾವಿರಗಟ್ಟಲೆ ಇವೆ. ಅವುಗಳಲ್ಲಿ ನಮ್ಮ ದೇಶದ ಕುಟುಂಬಗಳು ಸಾಲಾಗಿ ನಿಂತಿರುವ ಚಿತ್ರಗಳೂ ಉಂಟು. ಸೀರೆಯ ಅಂಚು ಸ್ಪಷ್ಟ, ಕೋಟಿನ ಗುಂಡಿ ಸ್ಪಷ್ಟ. ಆದರೆ ಅನೇಕ ಚಿತ್ರಗಳಲ್ಲಿ ನಿಂತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದದರಿಂದ ನೀವು ಚಿತ್ರ ತೆಗಿಸಿದರೆ, ಅದರ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಎಡಗಡೆಯಿಂದ ಮೊದಲುಮಾಡಿ ಎಲ್ಲರ ಹೆಸರನ್ನೂ ವರುಷವನ್ನೂ ಬರೆದಿಡಿರಿ.

ಆ ಹಳ್ಳಿಯ ಮನೆಗೆ ತಿರಿಗಿ ಬರೋಣ. ನಾವು ಇಷಯನ ಮಕ್ಕಳ ಕಥೆಯನ್ನು ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಹಿರೀ ಮಗನು ಎದ್ದು ಹಿತ್ತಲಿಗೆ ಹೋದನು. ಅಲ್ಲಿಂದ ಮುದುಕಿಯ ಮಾತು ನಮಗೆ ಕೇಳಿಸಿತು: “ನಾ ಯಾಕ ಬೇಕೋ ತಮ್ಮಾ, ನೀವ ತೆಗಸ್ಕೋರಿ. ನನ್ನ ಸೀರಿ ನಿಮ್ಮ ಬಣ್ಣಕ್ಕ ಹೊಂದೂದಿಲ್ಲ.” ಅವನು ಏನು ಉತ್ತರ ಕೊಟ್ಟನೋ ಕೇಳಿಸಲಿಲ್ಲ. ತುಸು ಹೊತ್ತಿನ ಮೇಲೆ ತಾಯಿಯ ಕೈ ಹಿಡಿದುಕೊಂಡು ಬಂದನು. ಅವಳು ಉಟ್ಟಿದ್ದದ್ದು ಬಣ್ಣ ಮಾಸಿದ ಹಸಿರು ಇಳಕಲ್ಲ ಸೀರೆ. ಅಂಚಿನಲ್ಲಿ ಹೊಲಿಗೆ ಹಾಕಿದ್ದಳು. ಸೊಸೆಯು ಒಳಗೆ ಹೋಗಿ ಎಣ್ಣೆಯನ್ನೂ ಹಣಿಗೆಯನ್ನೂ ತಂದು ಅತ್ತೆಯ ತಲೆ ಬಾಚಿದಳು. ಫೋಟೋದವನು, ಬಣ್ಣ ಕೂಡುವದಿಲ್ಲ, ಅಜ್ಜಿ ಕಡೆಯಲ್ಲಿ ನಿಲ್ಲಲಿ, ಎಂದನು. ನಡುವೆ ಕುರ್ಚಿಯನ್ನು ಹಾಕಿದವಳು ಆ ಸೊಸೆಯೇ.

ಎರಡು ವಾರಗಳಾದ ಮೇಲೆ ಚಿತ್ರವು ಬಂತು. ನಾವು ಅಲ್ಲಿ ಇದ್ದಾಗಲೇ ಹೈಸ್ಕೂಲಿಗೆ ಹೋಗುವ ಮೊಮ್ಮಗನು ಅದನ್ನು ಬೋರಲು ಹಾಕಿ ಹೆಸರುಗಳನ್ನು ಬರೆಯುವದಕ್ಕೆ ಕೂತುಕೊಂಡನು. ಅಪ್ಪನ ಹೆಸರನ್ನೂ ಅವ್ವನ ಹೆಸರನ್ನೂ ಬರೆದನು, ಚಿಕ್ಕಪ್ಪ ಚಿಕ್ಕಮ್ಮಂದಿರದನ್ನೂ ತಂಗಿಯರದನ್ನೂ ಬರೆದನು. ನಡುವಿನ ಕುರ್ಚಿಗೆ ಬಂದಾಗ ಅವನ ಪೆನ್ಸಿಲು ನಿಂತಿತು. ಅವನು ಎದ್ದು ಹಿತ್ತಲ ಬಾಗಿಲಿನ ತನಕ ಹೋಗಿ, “ಅಜ್ಜಿ, ನಿನ್ನ ಹೆಸರೇನ?” ಎಂದು ಕೇಳಿದನು.