ಅವಧಿಯನ್ನು ಗೊತ್ತುಮಾಡತಕ್ಕವರು ಯಾರು?

ಒಪ್ಪಿಸಿದ ಒಡವೆಯನ್ನು ಕಾಯುವವನಿಗೆ ಎರಡು ಕರ್ತವ್ಯಗಳುಂಟು. ಒಡವೆಯು ಕೆಡದಂತೆ ನೋಡಿಕೊಳ್ಳುವುದು ಒಂದು. ಕಾಲ ಬಂದೊಡನೆ ಅದನ್ನು ಒಡೆಯನ ಕೈಗೆ ಹಿಂದಿರುಗಿಸುವುದು ಮತ್ತೊಂದು. ಮೊದಲನೆಯದನ್ನು ಶ್ರದ್ಧೆಯಿಂದ ನಡೆಸಿದವನಿಗೇ ಎರಡನೆಯದು ಕಷ್ಟವಾಗಿ ತೋರುವುದು ಲೋಕದಲ್ಲಿ ಕಾಣುವ ಒಂದು ವಿಚಿತ್ರ. “ನಾನು ಬಿಟ್ಟರೆ ಇದನ್ನು ಇಷ್ಟು ಚೆನ್ನಾಗಿ ಕಾಯುವವರು ಯಾರು?” ಎಂಬ ಯೋಚನೆ ಕಳ್ಳನಿಗೆ ಬರುವುದಿಲ್ಲ, ಅವನಿಗೆ ಅದರ ಅವಶ್ಯಕತೆಯೇ ಇಲ್ಲ. ಆ ಯೋಚನೆ ಬರುವುದು ಸಜ್ಜನನಿಗೆ. ಜನರ ಅಧಿಕಾರವನ್ನು ಕೈಯಲ್ಲಿ ಹಿಡಿದವರು ಆ ಅಧಿಕಾರದ ಅವಧಿಯನ್ನು ತಾವೇ ಹೆಚ್ಚಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಇದರಿಂದಲೇ ಹುಟ್ಟುತ್ತದೆ. ಅದನ್ನು ವಿಚಾರಮಾಡುವುದಕ್ಕೆ ಅಮೆರಿಕದ ನ್ಯೂಯಾರ್ಕ್ ನಗರಸಭೆಯ ಚುನಾವಣೆಗಳ ಚರಿತ್ರೆಯಲ್ಲಿ ಒಂದು ಒಳ್ಳೆಯ ದೃಷ್ಟಾಂತವಿದೆ.

ನ್ಯೂಯಾರ್ಕ್ ಸಾಮಾನ್ಯ ಪಟ್ಟಣವಲ್ಲ. ೨೦೨೦ನೆಯ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ೮೮ ಲಕ್ಷ. ಮ್ಯಾನ್‌ಹಟನ್, ಬ್ರೂಕ್ಲಿನ್, ಕ್ವೀನ್ಸ್, ಬ್ರಾಂಕ್ಸ್, ಸ್ಟೇಟನ್ ಐಲೆಂಡ್ ಎಂಬ ಐದು ಭಾಗಗಳು ಸೇರಿ ಈ ನಗರವಾಗಿದೆ. ನಗರಸಭೆಗೆ ೫೧ ಕ್ಷೇತ್ರಗಳಿಂದ ೫೧ ಸದಸ್ಯರು ಆರಿಸಿ ಬರುತ್ತಾರೆ. ಎಂದರೆ ಒಬ್ಬೊಬ್ಬ ಸದಸ್ಯನ ಬೆನ್ನ ಹಿಂದೆ ಸುಮಾರು ಒಂದು ಲಕ್ಷದ ಎಪ್ಪತ್ತು ಸಾವಿರ ಜನರಿದ್ದಾರೆ. ನಗರದ ಕಾನೂನುಗಳನ್ನು ಮಾಡುವುದು, ಹತ್ತು ಸಾವಿರ ಕೋಟಿ ಡಾಲರಿಗೂ ಮೀರಿದ ವಾರ್ಷಿಕ ಆಯವ್ಯಯಕ್ಕೆ ಒಪ್ಪಿಗೆ ಕೊಡುವುದು, ಯಾವ ನೆಲದಲ್ಲಿ ಎಂಥ ಕಟ್ಟಡ ಏಳಬಹುದೆಂಬುದನ್ನು ತೀರ್ಮಾನಿಸುವುದು ಈ ಸಭೆಯ ಕೆಲಸ. ಮೊದಲು ಸದಸ್ಯರ ಸಂಖ್ಯೆ ೩೫ ಇತ್ತು. ಆಯವ್ಯಯದ ಮತ್ತು ನೆಲದ ಮೇಲಿನ ದೊಡ್ಡ ಅಧಿಕಾರವು ಬೇರೊಂದು ಮಂಡಲಿಯ ಕೈಯಲ್ಲಿತ್ತು. ಆ ಮಂಡಲಿಯ ಮತವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೮೯ರಲ್ಲಿ ತೀರ್ಪು ಕೊಟ್ಟ ಮೇಲೆ, ಜನರು ನಗರದ ಸನ್ನದಿನ ತಿದ್ದುಪಡಿಗೆ ಒಪ್ಪಿದರು. ಅಧಿಕಾರ ನಗರಸಭೆಗೆ ಬಂದಿತು, ಸದಸ್ಯರ ಸಂಖ್ಯೆ ೫೧ ಆಯಿತು. ಹೀಗೆ ಸಭೆಯ ಕೈಗೆ ಅಧಿಕಾರವನ್ನು ಇತ್ತವರು ಜನರೇ ಎಂಬುದನ್ನು ಮೊದಲು ಮನಸ್ಸಿನಲ್ಲಿಡಬೇಕು.

ಕೊಟ್ಟವರು ಅದಕ್ಕೆ ಒಂದು ಮೇರೆಯನ್ನೂ ಹಾಕಿದರು. ೧೯೯೩ರಲ್ಲಿ ನಡೆದ ಜನಮತಗಣನೆಯಲ್ಲಿ, ಮೇಯರರಾಗಲಿ ನಗರಸಭೆಯ ಸದಸ್ಯರಾಗಲಿ ಎಡೆಬಿಡದೆ ಎರಡು ಅವಧಿಗಿಂತ ಹೆಚ್ಚು ಕಾಲ ಒಂದೇ ಸ್ಥಾನದಲ್ಲಿ ಇರಕೂಡದೆಂದು ಮತದಾರರು ವಿಧಿಸಿದರು. ಮೂರು ವರ್ಷಗಳಾದ ಮೇಲೆ, ೧೯೯೬ರಲ್ಲಿ, ಎರಡು ಅವಧಿಗಳನ್ನು ಮೂರು ಮಾಡಬೇಕೆಂಬ ಸೂಚನೆಯನ್ನು ನಗರಸಭೆಯೇ ಜನರ ಮುಂದಿಟ್ಟಿತು. ಜನರು ಒಪ್ಪಲಿಲ್ಲ, ಸಭೆ ಸುಮ್ಮನಾಯಿತು. ಇದರಲ್ಲಿ ದೋಷವೇನೂ ಇಲ್ಲ. ಕಾವಲುಗಾರನು ಒಡೆಯನ ಬಾಗಿಲಿಗೆ ಹೋಗಿ, “ಇನ್ನು ಕೆಲವು ಕಾಲ ನನ್ನನ್ನು ಇರಗೊಡಿಸುವಿರಾ?” ಎಂದು ಕೇಳಿದನು, ಒಡೆಯನು ಬೇಡವೆಂದನು. ಕೇಳುವುದು ಅವನ ಹಕ್ಕು, ನಿರಾಕರಿಸುವುದು ಇವನ ಹಕ್ಕು.

ಈ ಮೇರೆಯು ಮೊದಲು ಪೂರ್ಣವಾಗಿ ಜಾರಿಗೆ ಬಂದುದು ೨೦೦೧ರಲ್ಲಿ. ಸಭೆಯ ಮೂವತ್ತಕ್ಕೂ ಹೆಚ್ಚು ಸದಸ್ಯರು ಆ ವರ್ಷ ಸ್ಥಾನ ಬಿಡಬೇಕಾಯಿತು. ಪಕ್ಷಗಳ ಪ್ರಾಥಮಿಕ ಚುನಾವಣೆಗೆ ಗೊತ್ತಾಗಿದ್ದ ದಿನ ಸೆಪ್ಟೆಂಬರ್ ೧೧. ಅದೇ ಬೆಳಗ್ಗೆ ನಗರದ ಎರಡು ಮಹಾಗೋಪುರಗಳು ನೆಲಕ್ಕುರುಳಿದವು. ಮತದಾನವನ್ನು ನಿಲ್ಲಿಸಿ, ಎರಡು ವಾರಗಳ ಮೇಲೆ ಮತ್ತೆ ನಡೆಸಿದರು. ಆಗಿನ ಮೇಯರರಾದ ರುಡಾಲ್ಫ್ ಜೂಲಿಯಾನಿಯವರು ಇಂಥ ಸಂಕಟದಲ್ಲಿ ತಾವು ಇನ್ನು ಮೂರು ತಿಂಗಳು ಅಧಿಕಾರದಲ್ಲಿರುವುದು ಒಳಿತೆಂದು ಸೂಚಿಸಿದರು. ಅದು ನಡೆಯಲಿಲ್ಲ. ವರ್ಷದ ಕೊನೆಗೆ ಅವರು ಇಳಿದರು. ೨೦೦೨ರ ಜನವರಿಯ ಮೊದಲ ದಿನ ಮೈಕೇಲ್ ಬ್ಲೂಮ್‌ಬರ್ಗ್ ಅಧಿಕಾರ ವಹಿಸಿದರು. ನಗರ ಕಂಡ ಅತಿ ದೊಡ್ಡ ಆಪತ್ತಿನ ನಡುವೆಯೂ ಗಡಿಯಾರವನ್ನು ಹಿಂದಕ್ಕೆ ತಿರುಗಿಸದೆ ಅಧಿಕಾರವು ಕೈಬದಲಾಯಿತು. ಹೊಸಬರು ನಗರವನ್ನು ನಡೆಸಿದರು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಬ್ಲೂಮ್‌ಬರ್ಗರ ಎರಡನೆಯ ಅವಧಿ ೨೦೦೯ರ ಕೊನೆಗೆ ಮುಗಿಯಬೇಕಾಗಿತ್ತು. ಸಭೆಯ ಹಲವು ಸದಸ್ಯರ ಕಾಲವೂ ಅಂದೇ ತೀರುತ್ತಿತ್ತು. ೨೦೦೮ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸಿನ ಸಂಸ್ಥೆ ದಿವಾಳಿಯೆದ್ದು ನಗರದ ಆರ್ಥಿಕ ಜೀವನವೇ ನಡುಗಿತು. ಹಿಂದೆ ಅವಧಿಯ ಮಿತಿಯನ್ನು ಸಮರ್ಥಿಸಿದ್ದ ಮೇಯರರೇ ಈಗ, ಸಂಕಟಕಾಲದಲ್ಲಿ ಅನುಭವಿಗಳು ಇರಬೇಕೆಂಬ ಕಾರಣವನ್ನು ಮುಂದಿಟ್ಟು, ಎರಡು ಅವಧಿಗಳನ್ನು ಮೂರಕ್ಕೆ ಏರಿಸುವ ಮಸೂದೆಯನ್ನು ಬೆಂಬಲಿಸಿದರು. ಈ ಪ್ರಶ್ನೆಯನ್ನು ಜನಮತಕ್ಕೆ ಬಿಡೋಣವೆಂಬ ತಿದ್ದುಪಡಿ ಸಭೆಯಲ್ಲಿ ಬಂದಿತು, ಬಿದ್ದುಹೋಯಿತು. ಅಕ್ಟೋಬರ್ ೨೩ರಂದು ೨೯ ಮಂದಿ ಪರವಾಗಿಯೂ ೨೨ ಮಂದಿ ವಿರೋಧವಾಗಿಯೂ ಮತವಿತ್ತರು. ಮಸೂದೆ ಕಾನೂನಾಯಿತು. ಜನರು ಎರಡು ಸಲ ಹೇಳಿದ ಮಾತನ್ನು ಜನರನ್ನು ಕೇಳದೆಯೇ ಅಳಿಸಿದಂತಾಯಿತು.

ಇದನ್ನು ಸಮರ್ಥಿಸುವವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳಿದ ಮೇಲೆಯೇ ಸಿದ್ಧಾಂತಕ್ಕೆ ಬೆಲೆ. ಅವರ ವಾದ ಮೂರು ಬಗೆಯಾದುದು. ಸನ್ನದಿನ ಈ ಭಾಗವನ್ನು ತಿದ್ದುವ ಅಧಿಕಾರ ಸಭೆಗೆ ಕಾನೂನಿನಲ್ಲಿಯೇ ಇದೆ ಎಂಬುದು ಮೊದಲನೆಯದು. ನ್ಯಾಯಾಲಯಗಳೂ ಇದನ್ನು ಎತ್ತಿಹಿಡಿದವು, ಸದಸ್ಯರು ಮತ ಕೊಡುವುದರಲ್ಲಿ ಹಿತಾಸಕ್ತಿಯ ದೋಷವಿಲ್ಲವೆಂದು ನಗರದ ನೀತಿಮಂಡಲಿಯೂ ಹೇಳಿತು. ಅವಧಿ ಹೆಚ್ಚಿದರೂ ಚುನಾವಣೆ ತಪ್ಪಲಿಲ್ಲ, ಬೇಡವಾದವರನ್ನು ಸೋಲಿಸುವ ಸ್ವಾತಂತ್ರ್ಯ ಮತದಾರನಿಗೆ ಇದ್ದೇ ಇದೆ, ನಿಜವಾಗಿ ಅವಧಿಯ ಮಿತಿಯೇ ಅವನ ಆಯ್ಕೆಯನ್ನು ಕುಗ್ಗಿಸುತ್ತದೆ ಎಂಬುದು ಎರಡನೆಯದು. ಮನೆಗೆ ಬೆಂಕಿ ಬಿದ್ದಾಗ ನೀರು ಹೊರುವವನನ್ನು ಬದಲಾಯಿಸಬಾರದು ಎಂಬುದು ಮೂರನೆಯದು.

ಮೊದಲನೆಯದಕ್ಕೆ ಸಮಾಧಾನ ಹೀಗೆ. ಕಾನೂನು ಬಿಟ್ಟುದೆಲ್ಲವೂ ಧರ್ಮವಾಗುವುದಿಲ್ಲವೆಂಬುದು ಗೃಹಸ್ಥನಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ತಂದೆಯನ್ನು ಕಳೆದುಕೊಂಡ ಬಾಲಕನ ಆಸ್ತಿಯನ್ನು ಚಿಕ್ಕಪ್ಪನು ನೋಡಿಕೊಳ್ಳುತ್ತಿರುವನೆಂದು ಭಾವಿಸೋಣ. ಅವನು ಒಂದು ಕಾಸನ್ನೂ ಮುಟ್ಟಿದವನಲ್ಲ. ಹೊಲದ ಹುಟ್ಟುವಳಿ ಹೆಚ್ಚಿದೆ. ಹುಡುಗನು ಪ್ರಾಪ್ತವಯಸ್ಕನಾದ ದಿನ, “ಈ ವರ್ಷ ಮಳೆ ಸರಿಯಿಲ್ಲ, ಬೀಗದ ಕೈ ಇನ್ನು ನಾಲ್ಕು ವರ್ಷ ನನ್ನಲ್ಲಿಯೇ ಇರಲಿ” ಎಂದು ಚಿಕ್ಕಪ್ಪನು ತಾನೇ ತೀರ್ಮಾನಿಸಿದರೆ ಊರಿನವರು ಏನೆನ್ನುವರು? ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತೆಂದೂ ಹೇಳಲಾರರು. ಹೊಲ ಹಸುರಾಗಿಯೇ ಇದೆ. ಆದರೂ ಹುಡುಗನನ್ನು ಒಂದು ಮಾತು ಕೇಳಬೇಕಾಗಿತ್ತೆಂದು ಎಲ್ಲರೂ ಹೇಳುವರು. ಅವನು ತೆಗೆದುಕೊಂಡುದು ಹಣವನ್ನಲ್ಲ, ಹುಡುಗನು ಹೇಳಬೇಕಾಗಿದ್ದ ಆ ಒಂದು ಮಾತನ್ನು.

ಎರಡನೆಯ ವಾದದಲ್ಲಿ ಅರ್ಧ ಸತ್ಯವುಂಟು. ಅವಧಿಯ ಮಿತಿ ಸರ್ವರೋಗಕ್ಕೂ ಮದ್ದಲ್ಲ. ಮಿತಿ ಇರುವ ನ್ಯೂಯಾರ್ಕಿನಲ್ಲಿಯೂ ಲಂಚ ವಂಚನೆಗಳಿಗಾಗಿ ಶಿಕ್ಷೆ ಹೊಂದಿದ ಸದಸ್ಯರುಂಟು. ಒಳ್ಳೆಯ ಅನುಭವಿಗಳು ಮನೆಗೆ ಹೋಗಬೇಕಾಗಿ ಬಂದುದೂ ಉಂಟು. ಆದರೆ ಮಿತಿಯೇ ಇಲ್ಲದ ಕಡೆ ಏನಾಗುವುದೆಂಬುದನ್ನೂ ನೋಡಬೇಕು. ಅದೇ ದೇಶದ ಶಿಕಾಗೋ ನಗರಸಭೆಯ ೫೦ ಸದಸ್ಯರಿಗೆ ಅಂಥ ಮಿತಿಯಿಲ್ಲ. ಅಲ್ಲಿ ಎಡ್ವರ್ಡ್ ಬರ್ಕ್ ಎಂಬವರು ೧೯೬೯ರಿಂದ ೨೦೨೩ರವರೆಗೆ, ಐವತ್ತನಾಲ್ಕು ವರ್ಷ, ಒಂದೇ ಕ್ಷೇತ್ರದಿಂದ ಸದಸ್ಯರಾಗಿದ್ದರು. ನಗರಸಭೆಯ ಅಧಿಕಾರವನ್ನು ತಮ್ಮ ವಕೀಲಿ ಕಚೇರಿಗೆ ವ್ಯವಹಾರ ತರಿಸಿಕೊಳ್ಳಲು ಬಳಸಿದರೆಂದು ೨೦೨೩ರ ಡಿಸೆಂಬರಿನಲ್ಲಿ ಅವರು ಅಪರಾಧಿಯೆಂದು ತೀರ್ಮಾನವಾಯಿತು; ಮರುವರ್ಷ ಎರಡು ವರ್ಷಗಳ ಸೆರೆಮನೆವಾಸದ ಶಿಕ್ಷೆಯಾಯಿತು. ಅಷ್ಟು ಸಲವೂ ಚುನಾವಣೆಗಳು ನಡೆದೇ ಇದ್ದವು. ಸ್ಥಾನದಲ್ಲಿ ಕುಳಿತವನಿಗೆ ಹೆಸರು, ಪರಿಚಯ, ಹಣ, ಉಪಕೃತರ ಗುಂಪು ಎಲ್ಲವೂ ಮೊದಲೇ ಕೂಡಿರುತ್ತವೆ. ಎದುರಾಳಿಯು ಬರಿಗೈಯಿಂದ ಆರಂಭಿಸಬೇಕು. ಆದುದರಿಂದ ಚುನಾವಣೆ ಇದೆಯೆಂದ ಮಾತ್ರಕ್ಕೆ ಆಯ್ಕೆ ಸಮನಾಗಿದೆಯೆಂದು ಹೇಳುವಂತಿಲ್ಲ. ಮಿತಿ ಬೇಕೇ ಬೇಡವೇ ಎಂಬುದರಲ್ಲಿ ವಿವೇಕಿಗಳು ಭಿನ್ನಾಭಿಪ್ರಾಯ ಪಡಬಹುದು. ಅದನ್ನು ತೀರ್ಮಾನಿಸುವವರು ಅದರಿಂದ ಲಾಭ ಪಡೆಯುವವರೇ ಆಗಿರಬೇಕೇ ಎಂಬುದು ಬೇರೆ ಪ್ರಶ್ನೆ. ನಮ್ಮ ವಿಚಾರ ಇರುವುದು ಅದರಲ್ಲಿ.

ಮೂರನೆಯ ವಾದಕ್ಕೆ ಆ ನಗರದ ಚರಿತ್ರೆಯೇ ಉತ್ತರ. ೨೦೦೧ರ ಬೆಂಕಿಗಿಂತ ೨೦೦೮ರ ಬೆಂಕಿ ದೊಡ್ಡದಾಗಿರಲಿಲ್ಲ; ಅಂದು ನೀರು ಹೊರುವವರು ಬದಲಾದರು, ನಗರ ಉಳಿಯಿತು. ಆಪತ್ತು ನಿಜವಾಗಿರಬಹುದು, ಅನುಭವದ ಬೆಲೆಯೂ ನಿಜವಾಗಿರಬಹುದು. ಆದರೆ “ನಾನು ಅನಿವಾರ್ಯನು” ಎಂಬ ಸಾಕ್ಷ್ಯವನ್ನು ತನ್ನ ವಿಷಯದಲ್ಲಿ ತಾನೇ ನುಡಿದರೆ, ನುಡಿದವನು ಸತ್ಯವಂತನಾಗಿದ್ದರೂ ಅದು ಸಾಕ್ಷ್ಯವಾಗುವುದಿಲ್ಲ. ತನ್ನ ತೂಕವನ್ನು ತಾನೇ ಎತ್ತಿ ನೋಡಿಕೊಳ್ಳುವ ತಕ್ಕಡಿ ಎಲ್ಲಿಯೂ ಇಲ್ಲ. ಇದಲ್ಲದೆ, ಆಪತ್ತು ತೀರಿಹೋಗುತ್ತದೆ; ಆಪತ್ತಿನಲ್ಲಿ ಮಾಡಿಕೊಂಡ ಅನುಕೂಲ ಉಳಿದುಬಿಡುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಾದ ಧರ್ಮಸಂಕಟವಿದೆ. ವಿರೋಧವಾಗಿ ಮತ ಕೊಟ್ಟ ೨೨ ಮಂದಿಯಲ್ಲಿಯೂ ಕೆಲವರು ೨೦೦೯ರಲ್ಲಿ ಮೂರನೆಯ ಅವಧಿಗೆ ಉಮೇದುವಾರರಾಗಿ ನಿಂತರು. ಇದು ಸರಿಯೇ? “ನಾವು ಬೇಡವೆಂದೆವು, ಕಾನೂನು ಆಗಿಹೋಯಿತು, ನಾವು ನಿಲ್ಲದಿದ್ದರೆ ಬೇಕೆಂದವರಿಗೇ ಸಭೆಯನ್ನು ಬಿಟ್ಟುಕೊಟ್ಟಂತಾಗುತ್ತದೆ” ಎಂದು ಅವರು ಹೇಳಬಹುದು, ಆ ಮಾತಿನಲ್ಲಿ ಸಾರವಿಲ್ಲವೆನ್ನಲಾಗದು. ಅವರು ನಿಂತುದು ಜನರ ಮುಂದೆ, ತೀರ್ಪು ಜನರದು. ಆದರೂ ಬಾಯಿ ನಿರಾಕರಿಸಿದುದನ್ನು ಕೈ ಸ್ವೀಕರಿಸಿದಾಗ ನುಡಿಯ ಬೆಲೆ ಎಷ್ಟೋ ಅಂಶ ಕುಗ್ಗುತ್ತದೆ. ಅಂಥವರನ್ನು ಅಪರಾಧಿಗಳೆನ್ನುವುದು ಅತಿಯಾದೀತು. ಆದರೆ ನಿಲ್ಲದೆ ಇದ್ದಿದ್ದರೆ ಅವರ ವಿರೋಧಕ್ಕೆ ಬರುತ್ತಿದ್ದ ಬಲವು ನಿಂತುದರಿಂದ ಬರಲಿಲ್ಲ. ನಡೆ ನುಡಿಗಳು ಒಂದಾಗಿರಬೇಕೆಂಬ ಮಾತು ಸುಲಭ. ಲಾಭವು ತಾನಾಗಿ ಮನೆಬಾಗಿಲಿಗೆ ಬಂದಾಗ ಅದು ಎಷ್ಟು ಕಠಿನವೆಂಬುದು ಇಲ್ಲಿ ಕಾಣುತ್ತದೆ.

ಜನರು ಏನು ಮಾಡಿದರು? ೨೦೦೯ರ ಪ್ರಾಥಮಿಕ ಚುನಾವಣೆಯಲ್ಲಿ ನಗರಸಭೆಯ ಹಲವು ಹಾಲಿ ಸದಸ್ಯರು ಸೋತರು. ಮೇಯರರು ತಮ್ಮ ಸ್ವಂತದ ಹತ್ತು ಕೋಟಿ ಡಾಲರಿಗಿಂತ ಹೆಚ್ಚು ಹಣವನ್ನು ವೆಚ್ಚಮಾಡಿಯೂ ನೂರಕ್ಕೆ ಐದಕ್ಕಿಂತ ಕಡಮೆ ಮತಗಳ ಅಂತರದಿಂದ ಗೆದ್ದರು. ಮರುವರ್ಷ, ೨೦೧೦ರ ನವೆಂಬರಿನಲ್ಲಿ, ಜನಮತಗಣನೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮತದಾರರು ಎರಡು ಅವಧಿಗಳ ಮೇರೆಯನ್ನು ಮತ್ತೆ ನಿಲ್ಲಿಸಿದರು. ಅದರ ಜೊತೆಗೆ ಇನ್ನೊಂದು ವಿಧಿಯನ್ನೂ ಸೇರಿಸಿದರು: ಅಧಿಕಾರದಲ್ಲಿರುವವರ ಅವಧಿಮಿತಿಯನ್ನು ನಗರಸಭೆಯು ಬದಲಾಯಿಸಕೂಡದು. ಆಗಲೇ ಅಧಿಕಾರದಲ್ಲಿದ್ದವರಿಗೆ ಮೂರನೆಯ ಅವಧಿಯ ಅವಕಾಶ ಉಳಿಯಿತೆಂಬುದು ನಿಜ. ಆದರೆ ಆ ಎರಡನೆಯ ವಿಧಿಯು ಇಡೀ ವಿವಾದದ ಸಾರವನ್ನು ಒಂದು ವಾಕ್ಯದಲ್ಲಿ ಹಿಡಿದಿದೆ. ನಿಯಮವನ್ನು ಬದಲಾಯಿಸು, ಮುಂದೆ ಬರುವವರಿಗಾಗಿ, ನಿನಗಾಗಿ ಬೇಡ.

ಈ ತತ್ತ್ವ ಅಮೆರಿಕನರಿಗೆ ಹೊಸದೇನೂ ಆಗಿರಲಿಲ್ಲ. ಅವರ ರಾಷ್ಟ್ರಸಭೆಯ ಸದಸ್ಯರು ತಮ್ಮ ಸಂಬಳವನ್ನು ಬದಲಾಯಿಸಿದರೆ ಅದು ಮುಂದಿನ ಚುನಾವಣೆ ಕಳೆದ ಮೇಲೆಯೇ ಜಾರಿಗೆ ಬರಬೇಕೆಂಬ ತಿದ್ದುಪಡಿಯನ್ನು ೧೭೮೯ರಲ್ಲಿಯೇ ಸೂಚಿಸಿದ್ದರು. ಅದು ಸಂವಿಧಾನದಲ್ಲಿ ಸೇರಿದುದು ೧೯೯೨ರಲ್ಲಿ. ಇನ್ನೂರಕ್ಕೂ ಹೆಚ್ಚು ವರ್ಷಗಳ ಈ ವಿಳಂಬವೇ, ತನ್ನ ಕೈಯನ್ನು ತಾನು ಕಟ್ಟಿಕೊಳ್ಳುವುದು ಮನುಷ್ಯನಿಗೆ ಎಷ್ಟು ಒಲ್ಲದ ಕೆಲಸವೆಂಬುದನ್ನು ತಿಳಿಸುತ್ತದೆ.

ಇಷ್ಟು ಹೇಳಿ ಅಧಿಕಾರಸ್ಥರನ್ನು ಮಾತ್ರ ದೂರಿ ಲೇಖನವನ್ನು ಮುಗಿಸಿದರೆ ಅನ್ಯಾಯವಾದೀತು. ಒಡವೆಯ ಒಡೆಯನಿಗೂ ಕರ್ತವ್ಯವುಂಟು. ೨೦೨೧ರಿಂದ ನ್ಯೂಯಾರ್ಕಿನ ಮತದಾರನು ಪ್ರಾಥಮಿಕ ಚುನಾವಣೆಯಲ್ಲಿ ಐವರು ಉಮೇದುವಾರರವರೆಗೆ ತನ್ನ ಇಷ್ಟದ ಕ್ರಮದಲ್ಲಿ ಗುರುತಿಸಬಹುದಾಗಿದೆ. ಸಣ್ಣ ದೇಣಿಗೆಯ ಒಂದು ಡಾಲರಿಗೆ ನಗರದ ಬೊಕ್ಕಸದಿಂದ ಎಂಟು ಡಾಲರ್ ಸೇರಿಸಿ ಕೊಡುವ ವ್ಯವಸ್ಥೆಯೂ ಇದೆ. ಹಣವಿಲ್ಲದವನೂ ಸ್ಪರ್ಧೆಗೆ ನಿಲ್ಲಲೆಂಬುದು ಅದರ ಉದ್ದೇಶ. ಇಷ್ಟೆಲ್ಲ ಅನುಕೂಲಗಳಿದ್ದರೂ ನಗರಸಭೆಯ ಸ್ಥಾನಗಳೇ ಮುಖ್ಯವಾಗಿದ್ದ ೨೦೨೩ರ ಚುನಾವಣೆಗೆ ಬಂದ ಮತದಾರರು ನೂರಕ್ಕೆ ಹದಿನೈದು ಮಂದಿಯೂ ಅಲ್ಲ. ಒಡೆಯನೇ ವರ್ಷಗಟ್ಟಲೆ ಉಗ್ರಾಣದ ಕಡೆ ತಲೆಹಾಕದಿದ್ದರೆ, ಬೀಗದ ಕೈ ತನ್ನದೇ ಎಂದು ಕಾವಲುಗಾರನಿಗೆ ಅನ್ನಿಸಿದುದರಲ್ಲಿ ಆಶ್ಚರ್ಯವೇನು?

ವಾಚಕರಲ್ಲಿ ಅನೇಕರು ಮನೆಯ ಹಿರಿತನವನ್ನೋ ಸಂಘದ ಲೆಕ್ಕವನ್ನೋ ಯಾವುದಾದರೂ ಒಂದು ಬೀಗದ ಕೈಯನ್ನೋ ಹಿಡಿದವರೇ ಆಗಿರುವಿರಿ. ಅದನ್ನು ಪ್ರಾಮಾಣಿಕವಾಗಿ ಹಿಡಿದಿರುವಿರಾ ಎಂದು ಕೇಳುವ ಅವಶ್ಯಕತೆಯಿಲ್ಲ. ಯಾರು ಕೊಟ್ಟರು, ಎಂದಿನವರೆಗೆ ಕೊಟ್ಟರು, ಅವರನ್ನು ಮತ್ತೆ ಕೇಳಿದುದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ವರ್ಷಕ್ಕೊಮ್ಮೆಯಾದರೂ ಹಾಕಿಕೊಂಡರೆ ಸಾಕು. ಮೂರನೆಯದಕ್ಕೆ ಉತ್ತರ ನೆನಪಿಗೆ ಬಾರದಿದ್ದರೆ, ಅಂದೇ ಹೋಗಿ ಕೇಳತಕ್ಕದ್ದು.